ಸುತ್ತು ಎಷ್ಟಾಯ್ತು ಅಂತ ಕೇಳಿದವರಿಗೆ

ನಿನ್ನೆ ಬ್ಯಾಂಕಲ್ಲಿ ನನ್ನ ಸಹಿ ಪಾಸ್ ಆಯ್ತು. ನಗ್ಬೇಡಿ, ಇದು ನನಗೆ ಪಬ್ಲಿಕ್ ಪರೀಕ್ಷೆ ಪಾಸಾದಷ್ಟೇ ದೊಡ್ಡ ವಿಷಯ. ಹನ್ನೊಂದು ತಿಂಗಳ ಹಿಂದೆ ಬೈಕ್ ಸ್ಕಿಡ್ ಆಗಿ ಬಲಗೈ ಮಣಿಕಟ್ಟು ಮುರ್ಕೊಂಡೆ, ಒಳಗೆ ಪ್ಲೇಟು ಸ್ಕ್ರೂ ಎಲ್ಲ ಕೂತಿವೆ, ಮೂಳೆ ಏನೋ ಕೂಡ್ಕೊಳ್ತು ಆದ್ರೆ ಕೈ ಮಾತ್ರ ಮರದ ಹಲಗೆ ತರ ಆಗೋಯ್ತು. ಎರಡು ಸಲ ಸಹಿ ಹೊಂದ್ತಿಲ್ಲ ಅಂತ ಚೆಕ್ ವಾಪಸ್ ಬಂದಿತ್ತು. ಕೌಂಟರ್ ಮುಂದೆ ನಿಂತ್ಕೊಂಡು ನಾನೇ ಸ್ವಾಮಿ ನಾನು ಅಂತ ಹೇಳ್ಬೇಕಾದ ಪರಿಸ್ಥಿತಿ. ನಿನ್ನೆ ಆ ಹುಡುಗಿ ಸ್ಕ್ರೀನ್ ನೋಡಿದ್ಲು, ಚೆಕ್ ನೋಡಿದ್ಲು, ಏನೂ ಮಾತಾಡ್ದೆ ಸೀಲ್ ಹೊಡೆದ್ಲು. ಹೊರಗೆ ಬಂದು ಪಾರ್ಕಿಂಗಲ್ಲಿ ಐದು ನಿಮಿಷ ಸುಮ್ನೆ ನಿಂತಿದ್ದೆ.

ಅದಕ್ಕೆ ಈ ಬರಹ. ಡಾಕ್ಟ್ರಿಗೆ, ಫಿಸಿಯೋ ಮೇಡಂಗೆ ಎದುರಲ್ಲೇ ಥ್ಯಾಂಕ್ಸ್ ಹೇಳಾಯ್ತು. ಹೇಳದೇ ಉಳ್ಕೊಂಡಿರೋದು ನಮ್ಮ ಭಾನುವಾರದ ಗ್ಯಾಂಗಿಗೆ. ಎದುರಲ್ಲಿ ಹೇಳೋಕೆ ಹೋದ್ರೆ ಆ ಜನ ನನ್ನ ಮಾತು ಮುಗಿಸೋಕೆ ಬಿಡಲ್ಲ, ಮಧ್ಯದಲ್ಲೇ ಯಾವುದಾದ್ರೂ ಲೆನ್ಸ್ ವಿಷಯ ತೆಗೀತಾರೆ, ಅದಕ್ಕೆ ಇಲ್ಲಿ ಬರೀತಿದ್ದೀನಿ. ಹೆಸರು ಹಾಕಿದ್ರೆ ಬಯ್ತಾರೆ, ಅಡ್ಡಹೆಸರಲ್ಲೇ ಇರ್ಲಿ.

ಗ್ಯಾಂಗ್ ಅಂದ್ರೆ ಏನಿಲ್ಲ, ನಲವತ್ತರಿಂದ ಅರವತ್ತರೊಳಗಿನ ಐದಾರು ಗಂಡಸ್ರು. ಭಾನುವಾರ ಒಬ್ಬರ ಮನೆ ಟೆರೇಸ್ ಮೇಲೆ ಸೇರ್ತಾರೆ, ಪ್ರತಿಯೊಬ್ರೂ ಏನಾದ್ರೂ ಒಂದು ತಂದು ಟೇಬಲ್ ಮೇಲೆ ಇಡ್ತಾರೆ, "ನೋಡೋ ಇದನ್ನ" ಅಂತಾರೆ, ಉಳಿದವ್ರು ಒಬ್ಬೊಬ್ರೇ ಕೈಗೆ ತಗೊಂಡು ತಿರುಗ್ಸಿ ಮುರುಗ್ಸಿ ನೋಡಿ "ಹೂಂ" ಅಂತಾರೆ. ವಾಚು, ಪೆನ್ನು, ಹಳೇ ಕ್ಯಾಮೆರಾ, ಹಾಡಿನ ಎಲ್‌ಪಿ ತಟ್ಟೆ. ಮನೆ ವಿಷಯ, ಸಾಲ, ಬಿಪಿ, ಯಾವ್ದೂ ಅಲ್ಲಿ ಬರಲ್ಲ. ನಾನು ಅದ್ರಲ್ಲಿ ಖಾಲಿ ಕೈ ಗಿರಾಕಿ, ನನಗೆ ಅಂತ ಯಾವ ಹವ್ಯಾಸನೂ ಇಲ್ಲ, ಸುಮ್ನೆ ಹೋಗಿ ಕೂತು ನೋಡಿ ಬರ್ತಿದ್ದೆ.

ಪಟ್ಟಿ ಬಿಚ್ಚಿದ ಮೇಲೆ ಫಿಸಿಯೋದವ್ರು ಒಂದು ಮೆತ್ತನೆ ಚೆಂಡು ಕೊಟ್ಟು ದಿನಕ್ಕೆ ಮೂರು ಹೊತ್ತು ಹಿಸುಕಿ ಅಂದ್ರು. ಹಿಸುಕ್ಲಿಲ್ಲ. ಸತ್ಯ ಹೇಳ್ತಿದ್ದೀನಿ, ಒಂದು ವಾರ ಮಾಡಿ ಬಿಟ್ಟೆ. ನೋವು ಒಂದು ಕಡೆ, ಅದಕ್ಕಿಂತ ಹೆಚ್ಚಾಗಿ ಬೇಜಾರು, ನಲವತ್ತೆಂಟು ವರ್ಷದ ಗಂಡಸು ಸೋಫಾ ಮೇಲೆ ಕೂತು ಹಳದಿ ಚೆಂಡು ಹಿಸುಕೋದು, ಶರ್ಟ್ ಗುಂಡಿ ಹಾಕ್ಕೊಳ್ಳೋಕೆ ಹೆಂಡ್ತಿನ ಕರಿಯೋದು, ಎಲ್ಲದಕ್ಕೂ ರೇಗೋದು. ಫೋನ್ ಎತ್ತೋದು ಬಿಟ್ಟೆ. ಭಾನುವಾರ ಹೋಗೋದು ಬಿಟ್ಟೆ.

ಆಗ ಬಂದವ್ರು ಗ್ಯಾಂಗಿನ ವಾಚ್ ಹುಚ್ಚಿನ ಟಿಕ್‌ಟಿಕ್ ಅಣ್ಣ. ಕೈ ಹೇಗಿದೆ ಅಂತ ಕೇಳ್ಲಿಲ್ಲ. ಜೇಬಿಂದ ಒಂದು ಸೀಕೋ 5 ವಾಚು ತೆಗೆದು ನನ್ನ ಎಡಗೈಗೆ ಕಟ್ಟಿ "ಒಂದು ವಾರ ಇಟ್ಕೊ, ದಿನಾ ಕೀ ಕೊಡು, ಬಲಗೈಲೇ ಕೊಡ್ಬೇಕು" ಅಂದ್ರು. ಎರಡು ನಿಮಿಷ ಬಿಟ್ಟು ಅವರೇ ತಲೆ ಚಚ್ಕೊಂಡ್ರು. ಅದು ಆಟೋಮ್ಯಾಟಿಕ್ ವಾಚು, ಒಳಗಿರೋದು 7ಎಸ್26 ಅನ್ನೋ ಮೆಷಿನ್ನು, ಅದಕ್ಕೆ ಕೈಯಲ್ಲಿ ಕೀ ಕೊಡೋ ವ್ಯವಸ್ಥೆನೇ ಇಲ್ಲ, ಕೈ ಆಡ್ದಾಗ ಒಳಗಿನ ತೂಕ ತಿರುಗಿ ಸ್ಪ್ರಿಂಗ್ ತಾನಾಗೇ ಸುತ್ಕೊಳ್ಳುತ್ತೆ. ಒಳಗಿಂದ ನಮ್ಮವಳು, "ಕೈ ಆಡದವ್ರಿಗೆ ಕೈ ಆಡಿದ್ರೆ ಮಾತ್ರ ಓಡೋ ವಾಚು ತಂದಿದ್ದೀರಲ್ಲ ಅಣ್ಣ" ಅಂದ್ಲು. ಎಷ್ಟೋ ವಾರದ ಮೇಲೆ ಮನೇಲಿ ನಗು ಕೇಳಿಸಿದ್ದು ಅವತ್ತೇ.

ಮಾರನೇ ದಿನ ಮತ್ತೆ ಬಂದ್ರು, ಈ ಸಲ ಒಂದು ದಪ್ಪನೆ ಹ್ಯಾಂಡ್ ವೈಂಡಿಂಗ್, ಅಂದ್ರೆ ಕೈಯಲ್ಲೇ ಕೀ ಕೊಡೋ ವಾಚು. ಒಳಗೆ ಯುನಿಟಾಸ್ 6497, ಮೊದ್ಲು ಜೇಬು ಗಡಿಯಾರಕ್ಕೆ ಅಂತ ಮಾಡಿದ ಮೆಷಿನ್ನಂತೆ, ಅದಕ್ಕೇ ಅಷ್ಟು ಅಗಲ, ಕೀ ಕೊಡೋ ತಿರುಪು, ಅದೇ ಕ್ರೌನು, ಅದೂ ದಪ್ಪ, ಬೆರಳಿಗೆ ಚೆನ್ನಾಗಿ ಸಿಗುತ್ತೆ. ಹಿಂದೆ ಗಾಜು. ಒಳಗೆ ಬ್ಯಾಲೆನ್ಸ್ ಚಕ್ರ ಆ ಕಡೆ ಈ ಕಡೆ ಓಲಾಡೋದು ಕಾಣುತ್ತೆ, ಗಂಟೆಗೆ 18,000 ಬಡಿತ, ಅಂದ್ರೆ ಸೆಕೆಂಡಿಗೆ 5. ಪೂರ್ತಿ ಕೀ ಕೊಟ್ರೆ 46 ಗಂಟೆ ಓಡುತ್ತೆ. ಹೆಬ್ಬೆರಳು ತೋರುಬೆರಳ ಮಧ್ಯೆ ಕ್ರೌನ್ ಹಿಡ್ದು ಮುಂದಕ್ಕೆ ಉರುಳಿಸ್ಬೇಕು, ಗಟ್ಟಿಯಾಯ್ತು ಅನ್ನಿಸಿದ ತಕ್ಷಣ ನಿಲ್ಲಿಸ್ಬೇಕು, ಬಲವಂತ ಮಾಡ್ಬಾರ್ದು.

ಮೊದಲ ದಿನ ನಾಲ್ಕು ಸುತ್ತು. ಅಷ್ಟಕ್ಕೇ ಹಣೆ ಬೆವರ್ತು. ಬೆಳಗ್ಗೆ ಎಂಟಕ್ಕೆ ಕೊಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ನಿಂತೋಯ್ತು. ನಿಂತ ವಾಚು ನೋಡೋಕೆ ಎಷ್ಟು ಕೆಟ್ಟದಾಗಿರುತ್ತೆ ಅಂದ್ರೆ, ಚೆಂಡು ಹಿಸುಕದೇ ಇದ್ರೆ ಚೆಂಡಿಗೆ ಏನೂ ಆಗಲ್ಲ, ಇದು ಹಾಗಲ್ಲ, ಗೋಡೆ ಗಡಿಯಾರದಲ್ಲಿ ನಾಲ್ಕಾದ್ರೂ ಇದ್ರಲ್ಲಿ ಒಂದೂ ಮುಕ್ಕಾಲು ಅಂತ ಮುಖಕ್ಕೆ ಹೊಡ್ದಂಗೆ ತೋರ್ಸುತ್ತೆ. ಮತ್ತೆ ಮೂರು ಸುತ್ತು ಕೊಟ್ಟೆ. ಸಂಜೆ ಅಣ್ಣ ಫೋನ್ ಮಾಡಿ ಒಂದೇ ಪ್ರಶ್ನೆ, "ಎಷ್ಟು ಸುತ್ತಾಯ್ತು?" ಏಳು ಅಂದೆ. "ಸರಿ" ಅಂತ ಇಟ್ಟೇಬಿಟ್ರು. ಆಮೇಲೆ ದಿನಾ ಅದೇ ಫೋನು. ಹನ್ನೊಂದು. ಹದಿನಾಲ್ಕು. ಒಂದು ದಿನ ನೋವು ಜಾಸ್ತಿಯಾಗಿ ಐದಕ್ಕೇ ನಿಲ್ಲಿಸಿದ್ದೆ, ಆಗ್ಲೂ ಅದೇ "ಸರಿ". ವಿಷಯ ತಿಳೀತು ಹೇಗೋ, ಮಿಕ್ಕವರೂ ಮೆಸೇಜ್ ಮಾಡೋಕೆ ಶುರು ಮಾಡಿದ್ರು, ಸುತ್ತು ಎಷ್ಟು, ಸುತ್ತು ಎಷ್ಟು.

"ನಿಮ್ ಫ್ರೆಂಡ್ಸಲ್ಲಿ ಒಬ್ರೂ ನೋವು ಹೇಗಿದೆ ಅಂತ ಕೇಳ್ಲಿಲ್ವಲ್ರೀ" ಅಂತ ನಮ್ಮವಳು ಒಂದಿನ ಅಂದ್ಲು. ಕೇಳ್ತಾನೇ ಇದ್ದಾರಲ್ಲೇ ದಿನಾ ಅಂದೆ. ಅವಳು ನನ್ನ ಮುಖ ನೋಡಿ ಸುಮ್ನಾದ್ಲು. ಅವಳು ಹೇಳಿದ್ರಲ್ಲೂ ತಪ್ಪಿಲ್ಲ ಬಿಡಿ, ಸ್ನಾನಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿದ್ದು, ರಾತ್ರಿ ಎರಡಕ್ಕೆ ಎದ್ದು ಕೈ ಕೆಳಗೆ ದಿಂಬು ಇಟ್ಟಿದ್ದು, ನನ್ನ ಬಯ್ಗುಳ ತಿಂದಿದ್ದು ಎಲ್ಲ ಅವಳೇ, ಇವರಲ್ಲ. ಆ ಥ್ಯಾಂಕ್ಸ್ ಇಲ್ಲಿ ಬರೆದು ಮುಗಿಯೋದಲ್ಲ.

ಇಂಕ್ ಗುರು ತಂದಿದ್ದು ಹಳದಿ ಬಣ್ಣದ ಲ್ಯಾಮಿ ಸಫಾರಿ ಇಂಕ್ ಪೆನ್ನು. 1980ರಲ್ಲಿ ಬಂದ ಮಾಡೆಲ್ಲು, ಶಾಲೆ ಮಕ್ಕಳಿಗೆ ಅಂತ ಮಾಡಿದ್ದು, ಹಿಡಿಯೋ ಜಾಗದಲ್ಲಿ ಎರಡು ಕಡೆ ಚಪ್ಪಟೆ, ಬೆರಳು ತಾನಾಗೇ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತೆ. ಪೆನ್ನು ಬೇರೆಯವ್ರಿಗೆ ಕೊಟ್ರೆ ನಿಬ್ ಕೆಡುತ್ತೆ ಅಂತ ಜೀವನಪೂರ್ತಿ ನಂಬಿದ ಮನುಷ್ಯ ಅದು, ಒಂದು ಸಲ ಪೋಸ್ಟಾಫೀಸಲ್ಲಿ ಯಾರೋ ಪೆನ್ ಕೇಳಿದ್ದಕ್ಕೆ ಇಲ್ಲ ಅಂತ ಜೇಬಿಗೆ ಕೈ ಅಡ್ಡ ಇಟ್ಕೊಂಡು ನಿಂತಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ಅಂಥವನು ಕೊಟ್ಟ. ಬಾಲ್ ಪೆನ್ ಬೇಡ, ಅದ್ರ ಗುಂಡು ಉರುಳ್ಬೇಕು ಅಂದ್ರೆ ಒತ್ಬೇಕು, ಒತ್ತಿದ್ರೆ ಮಣಿಕಟ್ಟಿಗೆ ಬೀಳುತ್ತೆ, ಇದು ಹಾಗಲ್ಲ, ನಿಬ್ಬು ಕಾಗದಕ್ಕೆ ತಾಗಿದ್ರೆ ಸಾಕು ಇಂಕು ತಾನೇ ಇಳಿಯುತ್ತೆ, ನೀನು ಬರೀಬೇಡ ಸುಮ್ನೆ ತೇಲಿಸು ಅಂದ.

ಅ ಆ ಇ ಈ ಇಂದ ಶುರು. ಇಂಗ್ಲಿಷ್ ಅಕ್ಷರ ಎರಡು ಗೀಟು ಎಳೆದ್ರೆ ಆಗೋಗುತ್ತೆ, ಕನ್ನಡದ್ದು ಹಾಗಲ್ವಲ್ಲ, ಪೂರ್ತಿ ಸುತ್ತೇ, ಮಣಿಕಟ್ಟು ತಿರುಗದೆ 'ಞ' ಬರಿಯೋಕೆ ಸಾಧ್ಯನೇ ಇಲ್ಲ. ಇಡೀ ಜೀವನದಲ್ಲಿ ಬರೀದಷ್ಟು ಞ ಆ ಎರಡು ತಿಂಗಳಲ್ಲಿ ಬರ್ದಿದ್ದೀನಿ, ಮೂರು ನೋಟ್‌ಬುಕ್ಕು, ಮೊದಲ ಪುಟದ್ದು ನೋಡಿದ್ರೆ ಇರುವೆ ಇಂಕಲ್ಲಿ ಬಿದ್ದು ಒದ್ದಾಡಿದ ಹಾಗಿದೆ.

ಆಮೇಲೊಂದಿನ ಪೆನ್ನು ಬೀಳಿಸಿದೆ. ಬೆರಳು ಸಡ್ಲ ಆಗಿ ಪೆನ್ನು ನಿಬ್ ಕೆಳಗೆ ಮಾಡ್ಕೊಂಡು ನೆಲಕ್ಕೆ ಬಿತ್ತು, ಮೂತಿ ಕೊಕ್ಕೆ ತರ ಬಾಗೋಯ್ತು. ನಾಲ್ಕು ದಿನ ಅವನ ಫೋನ್ ಎತ್ತಿಲ್ಲ ನಾನು, ಇವಳ ಹತ್ರನೂ ಹೇಳಿಲ್ಲ, ಡ್ರಾಯರಲ್ಲಿ ಬಚ್ಚಿಟ್ಟಿದ್ದೆ. ಐದನೇ ದಿನ ಮನೆಗೇ ಬಂದ. ತೋರ್ಸಿದೆ. ಬೆಳಕಿಗೆ ಹಿಡಿದು ನೋಡಿದ, ಒಂದು ನಿಮಿಷ ಮಾತಿಲ್ಲ, ನನಗೆ ಹೊಟ್ಟೆ ತೊಳಸ್ತಿತ್ತು. ಆಮೇಲೆ ಬ್ಯಾಗಿಂದ ಟೇಪ್ ತೆಗೆದು ನಿಬ್ ಮೇಲೆ ಅಂಟಿಸಿ ಸೀದಾ ಮುಂದಕ್ಕೆ ಎಳೆದ, ನಿಬ್ಬು ಜಾರ್ಕೊಂಡು ಹೊರಗೆ ಬಂತು, ಡಬ್ಬಿಯಿಂದ ಇನ್ನೊಂದು ನಿಬ್ ತೆಗೆದು ಅದೇ ಜಾಗಕ್ಕೆ ತಳ್ಳಿದ, ಟಕ್. "ನೀನು ಬೀಳಿಸ್ತೀಯ ಅಂತ ಗೊತ್ತಿದ್ದಕ್ಕೇ ಲ್ಯಾಮಿ ಕೊಟ್ಟಿದ್ದು ಕಣೋ, ಮೂರು ಸ್ಪೇರ್ ಇಟ್ಕೊಂಡೇ ಇದ್ದೆ" ಅಂದ. ಬಾಗಿದ ನಿಬ್ಬು ನನಗೇ ಕೊಟ್ಟು ಹೋದ. ಪರ್ಸಲ್ಲಿದೆ.

ಒಂದು ವಿಷಯ ಆಮೇಲೆ ಹೊಳೀತು. ಇವರಲ್ಲಿ ಒಬ್ರೂ ನನಗೆ ಗಿಫ್ಟ್ ಅಂತ ಏನೂ ಕೊಡ್ಲಿಲ್ಲ. ಕೊಟ್ಟಿದ್ರೆ ಕಪಾಟಲ್ಲಿ ಇಟ್ಟು ಮರೀತಿದ್ದೆ. ಎಲ್ಲಾ ಎರವಲು, ಎಲ್ಲದಕ್ಕೂ ವಾಪಸ್ ತಾರೀಖು, "ಮುಂದಿನ ಭಾನುವಾರ ತಂದುಕೊಡ್ಬೇಕು ನೋಡು, ನನಗೆ ಬೇಕು" ಅಂತ ಗಟ್ಟಿಯಾಗಿ ಹೇಳಿ ಹೋಗೋರು. ಹಾಗಾಗಿ ಎದ್ದು ಶೇವ್ ಮಾಡ್ಕೊಂಡು ಯಾರದ್ದೋ ಗಾಡಿ ಹಿಂದೆ ಕೂತು ಟೆರೇಸಿಗೆ ಹೋಗ್ಲೇಬೇಕಾಗ್ತಿತ್ತು. ಹೋದ್ರೆ ಅಲ್ಲಿ ಇನ್ನೊಬ್ಬ ಇನ್ನೊಂದು ವಸ್ತು ಹಿಡ್ಕೊಂಡು ಕಾಯ್ತಿರೋನು. ಪ್ಲಾನ್ ಮಾಡಿದ್ರೋ ಇಲ್ಲವೋ ಗೊತ್ತಿಲ್ಲ, ಕೇಳಿದ್ರೆ ಒಪ್ಕೊಳ್ಳಲ್ಲ.

ಹಾಗೆ ಕೈಗೆ ಬಂದಿದ್ದು ರೋಲ್ ಮಾಮನ ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ಬಂದ ಕ್ಯಾಮೆರಾ, ಕೈಲಿ ಹಿಡಿದ್ರೆ ಇಟ್ಟಿಗೆ. ಒಂದೊಂದು ಫೋಟೋಗೂ ಬಲಗೈ ಹೆಬ್ಬೆರಳಲ್ಲಿ ಲಿವರ್ ಪೂರ್ತಿ ಎಳೀಬೇಕು, ಅದೇ ವ್ಯಾಯಾಮ. ಒಂದೇ ಎಚ್ಚರಿಕೆ ಕೊಟ್ಟಿದ್ರು, ಇದಕ್ಕೆ ಆನ್ ಆಫ್ ಸ್ವಿಚ್ ಇಲ್ಲ, ಲೆನ್ಸ್ ಕ್ಯಾಪ್ ಹಾಕಿಡ್ಬೇಕು, ಇಲ್ದಿದ್ರೆ ಬೆಳಕು ಅಳೆಯೋ ಮೀಟರ್ ಬೆಳಕು ಕುಡೀತಾ ಬ್ಯಾಟರಿ ಮುಗಿಸುತ್ತೆ. ನಾನು ಕ್ಯಾಪ್ ಹಾಕದೆ ಕಿಟಕಿ ಹತ್ರ ಇಟ್ಟು ಮರೆತೆ, ಬ್ಯಾಟರಿ ಸತ್ತೋಯ್ತು. ಹೆದರ್ಕೊಂಡು ಫೋನ್ ಮಾಡಿದ್ರೆ ಮಾಮಂದು ಒಂದೇ ನಗು, "ಬ್ಯಾಟರಿ ಮೀಟರಿಗಷ್ಟೇ ಕಣಪ್ಪ, ಶಟರ್ ಸ್ಪ್ರಿಂಗಲ್ಲಿ ಓಡೋದು. 400ರ ಫಿಲ್ಮು ತಾನೇ ಹಾಕಿರೋದು, ಒಳ್ಳೆ ಬಿಸಿಲಿದ್ರೆ ಅಪರ್ಚರ್ 16 ಇಡು, ಶಟರ್ 500 ಇಡು, ಹೊಡಿ." 36 ಫೋಟೋ ತೆಗಿಯೋಕೆ ಏಳು ವಾರ ಹಿಡೀತು. ತೊಳೆಸಿದ್ಮೇಲೆ ನೋಡಿದ್ರೆ ಒಂಬತ್ತು ಪರವಾಗಿಲ್ಲ, ಎರಡರಲ್ಲಿ ನನ್ನ ಬೆರಳೇ ಇದೆ, ಮಿಕ್ಕಿದ್ದು ಅಲ್ಲಾಡಿದೆ. ಆದ್ರೆ ಮೊದಲಿನ ಹತ್ತು ಅಲ್ಲಾಡಿದಷ್ಟು ಕೊನೆಯ ಹತ್ತು ಅಲ್ಲಾಡಿಲ್ಲ. ಫಿಸಿಯೋ ಮೇಡಂಗೆ ರಿಪೋರ್ಟ್ ತರ ಇದನ್ನೇ ತೋರ್ಸಿದೆ.

ಗ್ರಹ ಮೇಷ್ಟ್ರು ನನಗೆ ನಿದ್ದೆ ಬರದ ದಿನಗಳಲ್ಲಿ ಆರು ಇಂಚಿನ ಡಾಬ್ಸೋನಿಯನ್, ಅಂದ್ರೆ ಕೈಯಲ್ಲೇ ತಿರುಗಿಸೋ ಟೆಲಿಸ್ಕೋಪು ಆಟೋದಲ್ಲಿ ಹಾಕ್ಕೊಂಡು ಬಂದು ನಮ್ಮ ಮಹಡಿ ಮೇಲೆ ಇಟ್ಟೋದ್ರು. ಅದಕ್ಕೆ ಮೋಟರ್ ಇಲ್ಲ. 120 ಪಟ್ಟು ದೊಡ್ಡದು ಮಾಡಿ ಗುರುಗ್ರಹ ಹಿಡಿದ್ರೆ ಭೂಮಿ ತಿರುಗೋ ವೇಗಕ್ಕೆ ಎರಡು ನಿಮಿಷದೊಳಗೆ ಕಣ್ಣಿಂದ ಜಾರೋಗುತ್ತೆ, ಬೆರಳಲ್ಲಿ ಮೆಲ್ಲಗೆ ತಳ್ತಾ ಇರ್ಬೇಕು. 1610ರಲ್ಲಿ ಗೆಲಿಲಿಯೋ ಕಂಡ ಅದೇ ನಾಲ್ಕು ಉಪಗ್ರಹ ಸಾಲಾಗಿ ನಿಂತಿರೋದನ್ನ ನೋಡ್ತಾ ರಾತ್ರಿ ಎರಡಾದ್ರೂ ಗೊತ್ತಾಗ್ತಿರ್ಲಿಲ್ಲ, ಹೇಗೂ ನಿದ್ದೆ ಇಲ್ಲ. ತಟ್ಟೆ ಸರ್ ಎಲ್‌ಪಿ ಹಾಕೋ ಟರ್ನ್‌ಟೇಬಲ್ ಕೊಟ್ರು, ನಾನು ಎದ್ದು ಓಡಾಡ್ಲಿ ಅಂತ. ಎಲ್‌ಪಿ ಒಂದು ಮಗ್ಗುಲು ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಮುಗಿಯುತ್ತೆ, ಮಲಗಿದ ಕಡೆಯಿಂದ ಏಳ್ಲೇಬೇಕು, ಅಂಚಲ್ಲಿ ಮಾತ್ರ ಹಿಡಿದು ತಿರುಗಿಸ್ಬೇಕು.

ಇವರು ದೇವರಂಥವರು ಅಂತೆಲ್ಲ ಅನ್ಕೋಬೇಡಿ, ಜಂಬ ಬೇಕಾದಷ್ಟಿದೆ. ನನ್ನ ಮಂಚದ ಪಕ್ಕ ಕೂತ್ಕೊಂಡೇ ಸೆಲ್ಲಲ್ಲಿ ಓಡೋ ಕ್ವಾರ್ಟ್ಸ್ ವಾಚ್ ಮೇಲೋ ಸ್ಪ್ರಿಂಗಲ್ಲಿ ಓಡೋ ಮೆಕ್ಯಾನಿಕಲ್ ಮೇಲೋ ಅಂತ ಒಂದೂವರೆ ಗಂಟೆ ಕಿತ್ತಾಡಿದ್ರು, ನನ್ನನ್ನ ಪೂರ್ತಿ ಮರೆತು. ಮೇಷ್ಟ್ರದ್ದು, "ನನ್ನ ಹರಳು ಸೆಕೆಂಡಿಗೆ 32,768 ಸಲ ಅದುರುತ್ತೆ ಕಣ್ರೀ, ನಿಮ್ಮ 5 ಯಾವ ಲೆಕ್ಕ?" ಟಿಕ್‌ಟಿಕ್ ಅಣ್ಣಂದು, "ನಿಮ್ಮದು ಸೆಲ್ ಮುಗಿದ್ರೆ ಸತ್ತೋಗುತ್ತೆ, ನಮ್ಮದು ಈ ಮುರುಕಲು ಕೈಯಲ್ಲೂ ಓಡ್ತಿದೆ ನೋಡಿ" ಅಂತ ನನ್ನ ಕೈ ಎತ್ತಿ ತೋರ್ಸಿದ್ರು. ಮುರುಕಲು ಕೈ ಅಂತ ಅಂದಿದ್ದಕ್ಕೆ ಬೇಜಾರಾಗ್ಬೇಕಿತ್ತು, ಆಗ್ಲಿಲ್ಲ.

ಸರಿ, ಈಗ ಲೆಕ್ಕ ಚುಕ್ತಾ ಮಾಡ್ತೀನಿ, ಭಾನುವಾರ ಎಲ್ಲಾ ತರ್ತಿದ್ದೀನಿ. ತಟ್ಟೆ ಸರ್, ಸೂಜಿ ಸರಿ ಇದೆ, ಒಂದು ತಟ್ಟೆ ಮೇಲೆ ಬೆರಳು ತಾಗಿದೆ, ಒರೆಸಿದ್ದೀನಿ. ಮೇಷ್ಟ್ರೇ, ಟೆಲಿಸ್ಕೋಪ್ ನಿಮ್ಮ ಮನೆಗೆ ಬಂದಾಯ್ತು, ಕಣ್ಣಿಡೋ ಲೆನ್ಸು, ಆ 10 ಎಂಎಂ ಐಪೀಸ್ ಮಾತ್ರ ನನ್ನ ಕೋಟು ಜೇಬಲ್ಲಿ ಉಳ್ಕೊಂಡಿತ್ತು, ಅದನ್ನೂ ತರ್ತೀನಿ. ಗುರು, ಪೆನ್ನು ತೊಳೆದು ಒಣಗಿಸಿದ್ದೀನಿ, ಬ್ಯಾಂಕಿನ ಸಹಿ ಅದರಲ್ಲೇ ಹಾಕಿದ್ದು. ಮಾಮ, ಹೊಸ ಬ್ಯಾಟರಿ ಹಾಕ್ಸಿದ್ದೀನಿ, ಲೆನ್ಸ್ ಕ್ಯಾಪ್ ಹಾಕಿದ್ದೀನಾ ಅಂತ ಇದನ್ನ ಬರೀತಾ ಎರಡು ಸಲ ಎದ್ದು ಹೋಗಿ ನೋಡಿದೆ, ಹಾಕಿದೆ. ಅಣ್ಣ, ಇವತ್ತು ಬೆಳಗ್ಗೆ 38 ಸುತ್ತಿಗೆ ಗಟ್ಟಿಯಾಯ್ತು, ಅಲ್ಲಿಗೇ ನಿಲ್ಲಿಸಿದೆ.