ವರ್ಷದ ಪ್ಯಾಕೇಜ್ ನಿಲ್ಲಿಸುತ್ತಿದ್ದೇವೆ: ನಮ್ಮ ಬಾಕ್ಸ್‌ಟರ್ ಮಾಲೀಕರಿಗೆ

ನಮಸ್ಕಾರ,

ವಿಷಯ ಮೊದಲೇ ಹೇಳಿಬಿಡುತ್ತೇವೆ. ಪೋರ್ಷೆ ಬಾಕ್ಸ್‌ಟರ್ ಕಾರುಗಳಿಗೆ ನಾವು ಇಷ್ಟು ದಿನ ಕೊಡುತ್ತಿದ್ದ ಒಂದೇ ದರದ ವರ್ಷದ ಸರ್ವಿಸ್ ಪ್ಯಾಕೇಜ್ ಏಪ್ರಿಲ್ 1ರಿಂದ ಇರುವುದಿಲ್ಲ. ಅದರ ಬದಲು ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ, ಆಮೇಲೆ ಖರ್ಚಿನ ಅಂದಾಜು ಬರೆದುಕೊಡುವುದು, ನೀವು ಒಪ್ಪಿದ ಕೆಲಸಕ್ಕೆ ಮಾತ್ರ ಬಿಲ್. ಈಗಾಗಲೇ ದುಡ್ಡು ಕಟ್ಟಿದವರಿಗೆ ಉಳಿದ ತಿಂಗಳುಗಳ ಹಣ ವಾಪಸ್ ಕೊಡುತ್ತೇವೆ. ಬೇಕಿದ್ದರೆ ಮುಂದಿನ ಬಿಲ್ಲಿಗೆ ಜಮಾ ಮಾಡಿಕೊಳ್ಳುತ್ತೇವೆ.

ರೇಟು ಏರಿಸೋಕೆ ಇದೊಂದು ನೆಪ ಅಂತ ಕೆಲವರಿಗೆ ಅನಿಸಬಹುದು. ಕೆಲವರಿಗೆ ಖರ್ಚು ಜಾಸ್ತಿಯಾಗುವುದೂ ನಿಜ. ಅದಕ್ಕೇ ಕಾರಣ ಹೇಳುತ್ತಿದ್ದೇವೆ.

ಪ್ಯಾಕೇಜ್ ಶುರು ಮಾಡಿದಾಗ ನಿಮ್ಮ ಬಹುತೇಕ ಕಾರುಗಳಿಗೆ ಏಳೆಂಟು ವರ್ಷ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಇಷ್ಟರಲ್ಲೇ ಲೆಕ್ಕ ಮುಗಿಯುತ್ತಿತ್ತು. ಈಗ ಅವಕ್ಕೇ ಹದಿನೆಂಟು, ಇಪ್ಪತ್ತು ವರ್ಷ. ಹಳೆ ಕಾರಿನ ಖರ್ಚು ಹಾಲಿನ ಬಿಲ್ಲಿನ ಹಾಗೆ ತಿಂಗಳು ತಿಂಗಳು ಬರುವುದಿಲ್ಲ. ಎರಡು ವರ್ಷ ಸುಮ್ನಿದ್ದು ಮೂರನೇ ವರ್ಷ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಒಂದೇ ದರ ಇದ್ದಾಗ ದೊಡ್ಡ ಕೆಲಸವನ್ನು ಮುಂದಕ್ಕೆ ತಳ್ಳುವ ಆಸೆ ಗ್ಯಾರೇಜಿನವರಿಗೇ ಬರುತ್ತದೆ. ನಮಗೂ ಬಂತು.

ಹೋದ ವರ್ಷ ಒಬ್ಬರ 2003ರ ಕಾರಿಗೆ ಕ್ಲಚ್ ಹಾಕಿದೆವು. ಗೇರ್‌ಬಾಕ್ಸ್ ಕೆಳಗಿಳಿಸಿದಾಗ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸುತ್ತ ಸ್ವಲ್ಪ ಪಸೆ ಕಂಡಿತ್ತು. ಕ್ಲಚ್ಚಿನ ಕೂಲಿ ಪ್ಯಾಕೇಜಿನಲ್ಲಿತ್ತು, ಸೀಲ್ ಇರಲಿಲ್ಲ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳದೆ ಮುಚ್ಚಿದೆವು. ಎಂಟು ತಿಂಗಳಿಗೆ ಅವರ ಮನೆ ಪಾರ್ಕಿಂಗಿನಲ್ಲಿ ಆಯಿಲ್ ಹನಿ. ಅದೇ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಯಿತು. ಎರಡನೇ ಸಲದ ಕೂಲಿ ನಾವು ಮುಟ್ಟಲಿಲ್ಲ, ಆದರೆ ಅವರ ಮೂರು ವಾರ ಹಾಳಾಯಿತು. ತಪ್ಪು ಪೂರ್ತಿ ನಮ್ಮದೇ. ಈ ಪತ್ರ ಹುಟ್ಟಿದ್ದೂ ಆವತ್ತೇ.

ಇನ್ನು ಮುಂದೆ ಗೇರ್‌ಬಾಕ್ಸ್ ಇಳಿಸಿದರೆ ಒಳಗೆ ಕಂಡದ್ದರ ಫೋಟೋ ನಿಮ್ಮ ವಾಟ್ಸಾಪ್‌ಗೆ ಬರುತ್ತದೆ. ನಿಮ್ಮ ಉತ್ತರ ಬರುವ ತನಕ ಮುಚ್ಚುವುದಿಲ್ಲ.

ಆ ಫೋಟೋದಲ್ಲಿ ಸೀಲ್ ಜೊತೆ ಇನ್ನೊಂದು ಜಾಗವೂ ಇರುತ್ತದೆ. ನಿಮ್ಮಲ್ಲಿ ಹಲವರ ನಿದ್ದೆ ಕೆಡಿಸಿರುವ ಐಎಂಎಸ್ (ಇಂಟರ್ಮೀಡಿಯೇಟ್ ಶಾಫ್ಟ್) ಬೇರಿಂಗ್. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನಿಂದ, ವಾಲ್ವ್ ತೆರೆಸುವ ಕ್ಯಾಮ್‌ಗಳ ಚೈನುಗಳಿಗೆ ತಿರುಗುವ ಬಲ ದಾಟಿಸುವ ಒಂದು ನಡು ಶಾಫ್ಟ್ ಇದೆಯಲ್ಲ, ಅದರ ತುದಿಯನ್ನು ಹಿಡಿದಿರುವುದು ಈ ಬೇರಿಂಗ್. ವರ್ಷ ಕಳೆದಂತೆ ಒಳಗಿನ ಗ್ರೀಸ್ ಆಯಿಲಿನಲ್ಲಿ ತೊಳೆದುಹೋಗುತ್ತದೆ, ಗುಂಡುಗಳು ಸವೆಯುತ್ತವೆ. ಅದು ಪುಡಿಯಾದರೆ ಟೈಮಿಂಗ್ ತಪ್ಪಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಆಮೇಲೆ ಸಾಮಾನ್ಯವಾಗಿ ಬೇರೆ ಎಂಜಿನ್ನೇ ಹುಡುಕಬೇಕು. ಹಾಗಂತ ಎಲ್ಲರೂ ಹೆದರಬೇಕಿಲ್ಲ. 2000ದ ಸುಮಾರಿನಿಂದ 2005ರವರೆಗಿನ ಬಹಳಷ್ಟು ಎಂಜಿನ್‌ಗಳಲ್ಲಿ ಒಂದೇ ಸಾಲಿನ ಚಿಕ್ಕ ಬೇರಿಂಗ್ ಇದೆ, ಜಾಸ್ತಿ ಕಾಟ ಅದರದ್ದೇ. ಅದಕ್ಕೂ ಹಿಂದಿನದು ಎರಡು ಸಾಲಿನದು, ಬಾಳಿಕೆ ಪರವಾಗಿಲ್ಲ. 2006ರಿಂದ 2008ರವರೆಗಿನದು ದಪ್ಪ, ಗಟ್ಟಿ. ಆದರೆ ಎಂಜಿನ್ ಎರಡು ಹೋಳು ಮಾಡದೆ ಅದು ಆಚೆ ಬರುವುದಿಲ್ಲ, ಹಾಗಾಗಿ ನಾವು ಅದರ ತಂಟೆಗೆ ಹೋಗುವುದಿಲ್ಲ. 2009ರ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಆ ಕಾರಿನವರು ಈ ಪ್ಯಾರಾ ಓದಿ ನಗಬಹುದು.

ಆಯಿಲ್ ವಿಷಯದಲ್ಲಿ ಮಾತ್ರ ನಾವು ಹಟ ಹಿಡಿಯುತ್ತೇವೆ. ಎರಡು ಸಾವಿರ ಕಿಲೋಮೀಟರ್ ಓಡಿದ್ದರೂ ಸರಿ, ವರ್ಷಕ್ಕೊಮ್ಮೆ ಬದಲಾಗಲೇಬೇಕು. ಇದಕ್ಕೆ ಸುಮಾರು ಎಂಟು ಲೀಟರ್ ಹಿಡಿಸುತ್ತದೆ, ಬಿಲ್ ನೋಡಿ ಗಾಬರಿಯಾಗಬೇಡಿ. ಹಳೆ ಫಿಲ್ಟರನ್ನು ನಿಮ್ಮ ಎದುರೇ ಬಿಡಿಸಿ ಮ್ಯಾಗ್ನೆಟ್ ಆಡಿಸಿ ನೋಡುತ್ತೇವೆ. ಮಿನುಗುವ ಚೂರು ಅಂಟಿದರೆ ಕಾರು ಅಲ್ಲೇ ನಿಲ್ಲುತ್ತದೆ. ಐದು ನಿಮಿಷದ ಕೆಲಸ, ಆದರೆ ಎಂಜಿನ್ ಉಳಿಸಬಹುದು.

ಇನ್ನು ನಮ್ಮ ಬೆಂಗಳೂರಿನದೇ ಒಂದು ಕಾಯಿಲೆ ಇದೆ: ಮರ. ಬಾಕ್ಸ್‌ಟರ್‌ನ ಎಂಜಿನ್ ಸೀಟಿನ ಹಿಂದಿದ್ದರೂ ರೇಡಿಯೇಟರ್‌ಗಳು ಮುಂದೆ, ಬಂಪರ್‌ನ ಎರಡು ಬದಿಯ ಬಾಯಿಗಳ ಒಳಗೆ. ಹೊಂಗೆ ಎಲೆ, ಮಳೆಮರದ ಕಸ, ತಬೆಬೂಯಾ ಹೂವು ಎಲ್ಲ ಅಲ್ಲಿ ಹೊಕ್ಕು ಏಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಗೊಬ್ಬರವಾಗುತ್ತವೆ. ಒದ್ದೆ ಹಿಡಿದುಕೊಂಡು ಅಲ್ಯೂಮಿನಿಯಂ ತಿನ್ನುತ್ತವೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಟೆಂಪರೇಚರ್ ಮುಳ್ಳು ಏರಿತೆಂದು ಫೋನ್ ಮಾಡುವವರ ಕಾರಿನಿಂದ ನಾವು ಮೊದಲು ತೆಗೆಯುವುದು ಒಂದು ಬೊಗಸೆ ಎಲೆ. ಅದೇ ಕಸ ಮಡಚುವ ಬಟ್ಟೆ ಟಾಪಿನ ಮೂಲೆಗಳ ನೀರು ಹೋಗುವ ತೂತುಗಳನ್ನೂ ಕಟ್ಟುತ್ತದೆ. ಮಳೆ ನೀರು ಒಳಗಿಳಿದು ಕಾರ್ಪೆಟ್ ನೆನೆಯುತ್ತದೆ. 986 ಮಾದರಿಯಲ್ಲಿ, ಅಂದರೆ 2004ರವರೆಗಿನ ಮೊದಲ ತಲೆಮಾರಿನ ಕಾರಿನಲ್ಲಿ, ಸೀಟಿನ ಕೆಳಗೇ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಡಬ್ಬಿ ಇದೆ. ಅದು ನೆನೆದರೆ ಕಾರು ಸ್ಟಾರ್ಟ್ ಆಗುವುದೇ ಇಲ್ಲ. ತೂತು ಶುಚಿ ಮಾಡೋಕೆ ಏನೂ ಖರ್ಚಿಲ್ಲ, ಡಬ್ಬಿ ಬದಲಿಸೋಕೆ ಮಾತ್ರ ತುಂಬಾ ಖರ್ಚು. ಹಾಗಾಗಿ ಈ ಕಸ ತೆಗೆಯುವ ಕೆಲಸಕ್ಕೆ ಯಾವತ್ತೂ ಬಿಲ್ ಹಾಕುವುದಿಲ್ಲ, ದಾರಿಯಲ್ಲಿ ಹೋಗುವಾಗ ನಿಲ್ಲಿಸಿದರೂ ಸಾಕು.

ಹಿಂದಿನ ಡಿಕ್ಕಿಯ ಕಾರ್ಪೆಟ್ ಒದ್ದೆಯಾಗಿದ್ದರೆ ಅದು ಮಳೆಯದ್ದು ಅಂದುಕೊಳ್ಳಬೇಡಿ. ಕೂಲಂಟ್ ಟ್ಯಾಂಕ್ ಅಲ್ಲೇ ಇರುವುದು, ಪ್ಲಾಸ್ಟಿಕ್ ಹಳೆಯದಾಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬೀದಿ ತುಂಬ ಬಿಳಿ ಹೊಗೆ ಬಂದರೆ ಬಹುಪಾಲು ಎಂಜಿನ್ನಿನೊಳಗಿನ ಗಾಳಿಯಿಂದ ಆಯಿಲ್ ಬೇರ್ಪಡಿಸುವ ಏರ್-ಆಯಿಲ್ ಸೆಪರೇಟರ್ ಹರಿದಿರುತ್ತದೆ. ನೋಡೋಕೆ ಭಯವಾಗುತ್ತದೆ, ರಿಪೇರಿ ಅಷ್ಟು ದೊಡ್ಡದಲ್ಲ. ಟೈರಿನಲ್ಲಿ ಗೆರೆ ಚೆನ್ನಾಗಿದೆ ಅಂತ ವಾದ ಮಾಡುವವರು ಪಕ್ಕದಲ್ಲಿರುವ ನಾಲ್ಕಂಕಿ ಓದಿ. 1215 ಅಂದರೆ 2015ರ 12ನೇ ವಾರ ತಯಾರಾದದ್ದು. ಆ ಟೈರಿನಲ್ಲಿ ನಂದಿ ಬೆಟ್ಟದ ತಿರುವಿಗೆ ಹೋಗುವುದು ಬೇಡ.

ಗ್ಯಾರೇಜಿಗೆ ಸಂಬಂಧವಿಲ್ಲದ ಖರ್ಚೂ ಒಂದಿದೆ, ಈಗಲೇ ತಿಳಿದಿರಲಿ. ಹದಿನೈದು ವರ್ಷ ತುಂಬಿದ ಕಾರಿನ ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಅಲ್ವಾ? ಇಂಪೋರ್ಟೆಡ್ ಕಾರಿಗೆ ಆ ಶುಲ್ಕ 2022ರ ಏಪ್ರಿಲ್‌ನಿಂದ 40,000 ರೂಪಾಯಿ ಆಗಿತ್ತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ 80,000 ಮಾಡಿದರು. ಆ ವರ್ಷ ದೊಡ್ಡ ರಿಪೇರಿ ಇಟ್ಟುಕೊಳ್ಳದಂತೆ ಪ್ಲಾನ್ ಮಾಡಿಕೊಡುತ್ತೇವೆ, ಆರ್‌ಸಿಯ ತಾರೀಖು ತಿಳಿಸಿ.

ಇನ್ನು ಲೆಕ್ಕ. ತಪಾಸಣೆಗೆ 7,500 ರೂಪಾಯಿ, ಕೆಲಸ ನಮ್ಮಲ್ಲೇ ಮಾಡಿಸಿದರೆ ಕೂಲಿಯಲ್ಲಿ ಅದನ್ನು ಕಳೆಯುತ್ತೇವೆ. ಹೊರದೇಶದಿಂದ ತರಿಸುವ ಪಾರ್ಟ್‌ಗೆ ಪೂರ್ತಿ ಹಣ ಮುಂಗಡ ಬೇಕು. ಜೆ.ಸಿ. ರೋಡಿನ ಪಾರ್ಟ್ಸ್ ಅಂಗಡಿ ಸುತ್ತಿ ತರುವಂಥವಲ್ಲ ಅವು, ಸುಂಕ, ಕೊರಿಯರ್ ಎಲ್ಲ ನಾವೇ ಮೊದಲು ಕಟ್ಟಬೇಕು. ಆ ಬಿಲ್ಲುಗಳ ನಕಲು ನಿಮಗೂ ಕೊಡುತ್ತೇವೆ. ಅಂದಾಜಿನ ಹಾಳೆಯಲ್ಲಿ ಈಗಲೇ ಆಗಬೇಕಾದದ್ದು, ಆರು ತಿಂಗಳು ಕಾಯಬಹುದಾದದ್ದು, ಸುಮ್ನೆ ಚಂದಕ್ಕೆ ಮಾಡಿಸುವುದು ಅಂತ ಬೇರೆ ಬೇರೆ ಬರೆದಿರುತ್ತದೆ. ಮೂರನೆಯದನ್ನು ಬೇಡ ಅಂದರೆ ನಮಗೆ ಬೇಜಾರಿಲ್ಲ.

ತಪಾಸಣೆಗೆ ದಿನಕ್ಕೆ ಒಂದೇ ಕಾರು. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ ಸಂಜೆಗೆ ವಾಪಸ್. ಮುಂಗಾರು ಹಿಡಿಯುವ ಮೊದಲೇ ಬಂದರೆ ನೀರಿನ ತೂತು ನೋಡೋಕೆ ಅನುಕೂಲ. ಬರುವಾಗ ಹಳೆ ಬಿಲ್ಲುಗಳು ಎಷ್ಟಿದ್ದರೆ ಅಷ್ಟು ತನ್ನಿ, ಬೇರೆ ಗ್ಯಾರೇಜಿನವಾದರೂ ಪರವಾಗಿಲ್ಲ. ಎರಡನೇ ಕೀ ಕೂಡ ಹುಡುಕಿ ತನ್ನಿ, ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡಿಬಿಡೋಣ.

ಇಂತಿ,
ನಿಮ್ಮ ಗ್ಯಾರೇಜಿನವರು