ತೆರಿಗೆಯ ಜೊತೆಗೆ ಸುರಕ್ಷತೆಯ ಲೆಕ್ಕವನ್ನೂ ಕೇಳಿ: ಬೆಳಗಾವಿ ಪಾಲಿಕೆ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರಿಗೆ ನಮಸ್ಕಾರಗಳು.

ಶಹಾಪುರದಲ್ಲಿ ನನ್ನದೊಂದು ಸಣ್ಣ ಕಟ್ಟಡವಿದೆ. ಕೆಳಗೆ ಎರಡು ಅಂಗಡಿ, ಮೇಲಿನ ಎರಡು ಅಂತಸ್ತಿನಲ್ಲಿ ಬಾಡಿಗೆದಾರರು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿ ಶೇ 5ರ ರಿಯಾಯಿತಿ ಪಡೆಯುವವರಲ್ಲಿ ನಾನೂ ಒಬ್ಬಳು. ಕಟ್ಟಡದ ಅಳತೆಯೆಷ್ಟು, ವಸತಿಗೋ ವಾಣಿಜ್ಯಕ್ಕೋ, ಸ್ವಂತಕ್ಕೋ ಬಾಡಿಗೆಗೋ ಎಂದು ಪಾಲಿಕೆ ಕೇಳುತ್ತದೆ. ನಾವು ಸ್ವಯಂ ಘೋಷಣೆ ಮಾಡಿ ಸಹಿ ಹಾಕುತ್ತೇವೆ. ಆ ಕಟ್ಟಡ ಒಳಗಿರುವವರಿಗೆ ಸುರಕ್ಷಿತವೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನೂ ಪ್ರತಿ ವರ್ಷ ನಮ್ಮಂಥ ಮಾಲೀಕರಿಗೆ ಕೇಳಿ ಎಂದು ವಿನಂತಿಸಲು ಈ ಪತ್ರ.

ನಮ್ಮಲ್ಲಿ ಕಟ್ಟಡದ ಸುರಕ್ಷತೆಯ ವಿಚಾರ ನಕ್ಷೆ ಮಂಜೂರಾದ ದಿನವೇ ಮುಗಿದುಹೋಗುತ್ತದೆ. ಆಮೇಲೆ ನೆಲಮಾಳಿಗೆಯ ಪಾರ್ಕಿಂಗ್ ಗೋದಾಮಾಗುತ್ತದೆ. ತಾರಸಿಯ ಮೇಲೆ ತಗಡಿನ ಶೆಡ್ ಏಳುತ್ತದೆ, ಅದರಲ್ಲಿ ಕೋಚಿಂಗ್ ತರಗತಿ ಶುರುವಾಗುತ್ತದೆ. ಮುಂಭಾಗದ ಕಿಟಕಿಗಳನ್ನೆಲ್ಲ ಅಂಗಡಿಯ ಫಲಕ ಮುಚ್ಚಿಬಿಡುತ್ತದೆ. ಕಾಗದದ ಮೇಲಿನ ಕಟ್ಟಡವೇ ಬೇರೆ, ಜನ ಹತ್ತಿಳಿಯುವ ಕಟ್ಟಡವೇ ಬೇರೆ.

ಇತ್ತೀಚೆಗೆ ನಗರದ ಒಂದು ವಾಣಿಜ್ಯ ಸಂಕೀರ್ಣಕ್ಕೆ ಹೋಗಿದ್ದೆ. ಹೆಸರು ಹೇಳುವುದಿಲ್ಲ, ಏಕೆಂದರೆ ಇಂಥವು ಊರ ತುಂಬ ಇವೆ. ಮೂರನೇ ಅಂತಸ್ತಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೊಠಡಿ. ಗೋಕಾಕ, ರಾಯಬಾಗ, ಸವದತ್ತಿ ಕಡೆಯಿಂದ ಬಂದ ಹುಡುಗ ಹುಡುಗಿಯರು ಮೊಣಕೈಗೆ ಮೊಣಕೈ ತಾಗುವಂತೆ ಕುಳಿತು ಓದುತ್ತಿದ್ದರು. ಹತ್ತಿಳಿಯಲು ಇರುವುದು ಒಂದೇ ಮೆಟ್ಟಿಲು. ಆ ಮೆಟ್ಟಿಲ ಕೆಳಗೇ ಇಡೀ ಕಟ್ಟಡದ ಮೀಟರ್ ಬೋರ್ಡ್. ಒಂದು ಫ್ಯೂಸ್‌ಗೆ ದಪ್ಪ ತಂತಿ ಸುತ್ತಿದ್ದರು. ಲೋಡ್ ಹೆಚ್ಚಾದಾಗ ಕರಗಿ ಕರೆಂಟ್ ಕಡಿಯಬೇಕಾದ ತಂತಿ ಇನ್ನು ಕರಗುವುದೇ ಇಲ್ಲ. ಬೋರ್ಡಿಗೆ ಹ್ಯಾಂಡಲ್ ತಾಗುವಷ್ಟು ಒತ್ತಾಗಿ, ಟ್ಯಾಂಕಿನಲ್ಲಿ ಪೆಟ್ರೋಲ್ ಇರುವ ಬೈಕುಗಳ ಸಾಲು. ಗೋಡೆಗೆ ನೇತುಹಾಕಿದ್ದ ಅಗ್ನಿನಂದಕದ ಒತ್ತಡ ತೋರಿಸುವ ಮುಳ್ಳು ಹಸಿರು ಗುರುತಿನಿಂದ ಕೆಳಗಿಳಿದು ಕೆಂಪಿಗೆ ಬಂದಿತ್ತು. ತಾರಸಿಯ ಬಾಗಿಲಿಗೆ ಬೀಗ. ಕೆಳಗೆ ಕಿಡಿ ಹತ್ತಿದರೆ ಹೊಗೆ ಅದೇ ಮೆಟ್ಟಿಲಲ್ಲಿ ಮೇಲೇರುತ್ತದೆ, ಮಕ್ಕಳು ಅದೇ ಮೆಟ್ಟಿಲಲ್ಲಿ ಕೆಳಗಿಳಿಯಬೇಕು.

2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತದ್ದು ಹೀಗೆ ಪಾರಾಗಲು ದಾರಿಯಿಲ್ಲದೆ. 2019ರ ಮೇ ತಿಂಗಳಲ್ಲಿ ಸೂರತ್‌ನ ಕೋಚಿಂಗ್ ಕೇಂದ್ರದಲ್ಲಿ 22 ಜೀವಗಳು ಹೋದವು. ಎಷ್ಟೋ ಮಕ್ಕಳು ಮೇಲಿನಿಂದ ಜಿಗಿದರು. ದೂರದ ಊರುಗಳ ಮಾತೇಕೆ? 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದ ಕಟ್ಟಡದಡಿ 19 ಮಂದಿ ಸತ್ತರು. ಮೇಲೆ ಕೆಲಸ ನಡೆಯುತ್ತಿತ್ತು, ಕೆಳಗೆ ಆಗಲೇ ಅಂಗಡಿಗಳು ವ್ಯಾಪಾರ ನಡೆಸುತ್ತಿದ್ದವು. 2021ರ ಅಕ್ಟೋಬರ್‌ನಲ್ಲಿ ನಮ್ಮದೇ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಗೋಡೆ ಬಿದ್ದು ಏಳು ಮಂದಿ ತೀರಿಕೊಂಡರು. 2024ರ ಆಗಸ್ಟ್‌ನಲ್ಲಿ ನಾವಗೆ ಬಳಿಯ ಕಾರ್ಖಾನೆಗೆ ಬೆಂಕಿ ಬಿದ್ದಾಗ ಲಿಫ್ಟ್‌ನಲ್ಲಿ ಸಿಕ್ಕಿಬಿದ್ದ ಯುವ ಕಾರ್ಮಿಕ ಹೊರಬರಲಾಗಲಿಲ್ಲ. ಪ್ರತಿ ಸಲವೂ ನೋಟಿಸು, ಪರಿಹಾರ, ತನಿಖೆ ನಡೆಯುತ್ತವೆ. ಉಳಿದ ಕಟ್ಟಡಗಳನ್ನು ನೋಡಿಬರುವವರು ಯಾರು?

ಕಾನೂನಿಲ್ಲ ಎಂದು ನಾನು ಹೇಳುತ್ತಿಲ್ಲ. ಅಪಾಯದ ಸ್ಥಿತಿಯಲ್ಲಿರುವ ಕಟ್ಟಡವನ್ನು ದುರಸ್ತಿ ಮಾಡಿಸು ಇಲ್ಲವೇ ಕೆಡವು ಎಂದು ಮಾಲೀಕನಿಗೆ ಆದೇಶಿಸುವ ಅಧಿಕಾರವನ್ನು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ತಮಗೆ ಕೊಟ್ಟಿದೆ. ಲಿಫ್ಟ್‌ಗಳಿಗೆ 2012ರ ಕಾಯ್ದೆಯೇ ಇದೆ; ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನಾನುಭವ ಪತ್ರವಿಲ್ಲದೆ, ಅಂದರೆ ಕಟ್ಟಡ ನಕ್ಷೆಯಂತೆ ಮುಗಿದಿದೆ, ಬಳಸಬಹುದು ಎಂಬ ಪತ್ರವಿಲ್ಲದೆ, ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದಿತು. ಆದರೆ ಆ ಪತ್ರ ಕಟ್ಟಡದ ಆಯುಷ್ಯದಲ್ಲಿ ಒಮ್ಮೆ ಸಿಗುವಂಥದ್ದು. ಹತ್ತು ವರ್ಷದ ಮೇಲೆ ತುಕ್ಕು ಹಿಡಿಯುವ ಸರಳು ಅದಕ್ಕೆ ಕಾಣುವುದಿಲ್ಲ. ಅಗ್ನಿಶಾಮಕ ದಳದ ನಿರಾಕ್ಷೇಪಣಾ ಪತ್ರದ ಕಣ್ಣು ಮುಖ್ಯವಾಗಿ ಎತ್ತರದ ಕಟ್ಟಡಗಳ ಮೇಲೆ. ಬೆಳಗಾವಿಯ ಜನ ಸೇರುವುದು ಹೆಚ್ಚಾಗಿ ಎರಡು ಮೂರು ಅಂತಸ್ತಿನ ಕಟ್ಟಡಗಳಲ್ಲಿ.

ನಿಪ್ಪಾಣಿ ದಾಟಿ ಮಹಾರಾಷ್ಟ್ರಕ್ಕೆ ಕಾಲಿಟ್ಟರೆ ಬೇರೆ ವ್ಯವಸ್ಥೆಯಿದೆ. ಅಲ್ಲಿನ 2006ರ ಅಗ್ನಿ ಸುರಕ್ಷತಾ ಕಾಯ್ದೆ ಅನ್ವಯವಾಗುವ ಕಟ್ಟಡಗಳ ಮಾಲೀಕರು ಪ್ರತಿ ಜನವರಿ ಮತ್ತು ಜುಲೈನಲ್ಲಿ, ಪರವಾನಗಿ ಪಡೆದ ಸಂಸ್ಥೆಯಿಂದ ತಪಾಸಣೆ ಮಾಡಿಸಿ, ಉಪಕರಣಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರ ಸಲ್ಲಿಸಬೇಕು. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ತಪಾಸಣೆ ಕಡ್ಡಾಯ. ಅಲ್ಲೂ ದುರಂತಗಳು ತಪ್ಪಿಲ್ಲ, ನಿಜ. ಆದರೂ ಹೊಣೆ ಯಾರದು ಎಂಬುದು ಅಲ್ಲಿ ಸ್ಪಷ್ಟವಾಗಿದೆ: ಮೊದಲು ಮಾಲೀಕನದು.

ಇದು ಮಾಲೀಕರಿಗೆ ಭಾರವಾಗುತ್ತದೆ ಎಂಬ ಮಾತು ಬಂದೇ ಬರುತ್ತದೆ. ನಾನು ನನ್ನ ಕಟ್ಟಡವನ್ನು ಎಂಜಿನಿಯರ್ ಒಬ್ಬರಿಂದ ನೋಡಿಸಿದೆ. ಅವರು ಸಣ್ಣ ಸುತ್ತಿಗೆಯಿಂದ ಕಾಲಂ, ಸಜ್ಜಾಗಳನ್ನು ತಟ್ಟುತ್ತ ಹೋದರು. ಹಿಂಬದಿಯ ಸಜ್ಜಾದಲ್ಲಿ ಟೊಳ್ಳು ಸದ್ದು ಬಂತು. ಮಳೆಗಾಲದುದ್ದಕ್ಕೂ ನೀರು ಇಳಿದು ಒಳಗಿನ ಸರಳು ತುಕ್ಕು ಹಿಡಿದಿತ್ತು; ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಮೇಲಿನ ಕಾಂಕ್ರೀಟನ್ನು ದೂಡಿ ಬೀಳಿಸುತ್ತದೆ. ಅದರ ಕೆಳಗೆ ಬಾಡಿಗೆದಾರರ ಮಕ್ಕಳು ಆಡುತ್ತಾರೆ. ಎಲೆಕ್ಟ್ರಿಷಿಯನ್ ಬಂದು, ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸಬೇಕಾದ ಅರ್ಥಿಂಗ್ ಗುಂಡಿ ಒಣಗಿರುವುದನ್ನು ತೋರಿಸಿದರು. ತಪಾಸಣೆಗೂ ದುರಸ್ತಿಗೂ ಸೇರಿ ಒಂದು ಅಂಗಡಿಯ ಒಂದು ತಿಂಗಳ ಬಾಡಿಗೆಯಷ್ಟೂ ಖರ್ಚಾಗಲಿಲ್ಲ. ಬಾಡಿಗೆ ಎಣಿಸಿಕೊಳ್ಳುವ ನಾವು ಇಷ್ಟು ಮಾಡದಿದ್ದರೆ ಹೇಗೆ?

ನನ್ನ ಸಲಹೆ ಸರಳವಾದದ್ದು. ಕೋಚಿಂಗ್ ಕೇಂದ್ರ, ವಸತಿ ನಿಲಯ, ಪಿ.ಜಿ., ನರ್ಸಿಂಗ್ ಹೋಂ, ಮಂಗಲ ಕಾರ್ಯಾಲಯ, ವಾಣಿಜ್ಯ ಸಂಕೀರ್ಣಗಳಿಂದ ಆರಂಭಿಸಿ. ಇವುಗಳ ಮಾಲೀಕರು ಪ್ರತಿ ಏಪ್ರಿಲ್‌ನಲ್ಲಿ ತೆರಿಗೆಯ ಜೊತೆಗೆ ಒಂದು ಪುಟದ ಸುರಕ್ಷತಾ ಘೋಷಣೆ ಸಲ್ಲಿಸಲಿ: ಮೆಟ್ಟಿಲು, ಹೊರದಾರಿ ತೆರವಾಗಿವೆಯೇ, ವಿದ್ಯುತ್ ಜೋಡಣೆ ಹೇಗಿದೆ, ಅಗ್ನಿನಂದಕಕ್ಕೆ ಕೊನೆಯ ಬಾರಿ ಯಾವಾಗ ಮರುಪೂರಣವಾಯಿತು, ಲಿಫ್ಟ್ ಪರವಾನಗಿ ಚಾಲ್ತಿಯಲ್ಲಿದೆಯೇ, ಕಾಲಂ ತೊಲೆಗಳಲ್ಲಿ ಬಿರುಕಿದೆಯೇ, ಮಂಜೂರಾದ ಬಳಕೆಯೇ ಈಗಲೂ ಇದೆಯೇ. ಕೆಳಗೆ ಅರ್ಹ ಎಂಜಿನಿಯರ್ ಸಹಿ ಇರಲಿ. ಅದರ ಪ್ರತಿಯನ್ನು ಕಟ್ಟಡದ ಬಾಗಿಲಲ್ಲೇ ಅಂಟಿಸುವುದು ಕಡ್ಡಾಯವಾಗಲಿ. ಮಗನನ್ನು ಹಾಸ್ಟೆಲ್‌ಗೆ ಸೇರಿಸಲು ಬಂದ ತಂದೆ ಅದನ್ನು ಓದಲಿ.

ತಪಾಸಣೆ ಎಂದರೆ ಕೈ ಬಿಸಿ ಮಾಡುವ ಇನ್ನೊಂದು ದಾರಿ ಎಂಬ ಭಯವೂ ಮಾಲೀಕರಲ್ಲಿದೆ, ಆ ಭಯ ಸುಳ್ಳಲ್ಲ. ಅದಕ್ಕಾಗಿ ಎಲ್ಲ ಕಟ್ಟಡಗಳಿಗೂ ಅಧಿಕಾರಿಗಳು ಹೋಗುವುದು ಬೇಡ. 58 ವಾರ್ಡ್‌ಗಳಲ್ಲೂ ಚೀಟಿ ಎತ್ತಿ ಕೆಲವನ್ನು ಆರಿಸಿ, ಪಾಲಿಕೆ, ಅಗ್ನಿಶಾಮಕ ದಳ, ವಿದ್ಯುತ್ ಕಂಪನಿ ಹೆಸ್ಕಾಂ ಒಟ್ಟಿಗೆ ಹೋಗಿ, ಕಂಡದ್ದನ್ನು ಪಾಲಿಕೆಯ ಜಾಲತಾಣದಲ್ಲಿ ಪ್ರಕಟಿಸಲಿ. ಸುಳ್ಳು ಘೋಷಣೆಗೆ ಮಾಲೀಕನಿಗೂ ಸಹಿ ಹಾಕಿದ ಎಂಜಿನಿಯರ್‌ಗೂ ದಂಡ ಬೀಳಲಿ.

ಹಳೆಯ ಗಲ್ಲಿಗಳ ಮಣ್ಣಿನ ಗೋಡೆಯ, ಹಂಚಿನ ಮನೆಗಳ ಮಾತು ಬೇರೆ. ಅಲ್ಲಿ ಎಷ್ಟೋ ಕಡೆ ಮಾಲೀಕ ಬಾಡಿಗೆದಾರರ ವ್ಯಾಜ್ಯ ಮುಗಿಯದೆ ಒಂದು ಹಂಚೂ ಬದಲಾಗಿಲ್ಲ. ಕೆಲವರ ಬಳಿ ದುರಸ್ತಿಗೆ ದುಡ್ಡಿಲ್ಲ. ಬರೀ ನೋಟಿಸು ಅಂಟಿಸಿದರೆ ಗೋಡೆ ಗಟ್ಟಿಯಾಗುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ನಮ್ಮ ಊರಿನಲ್ಲೇ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸಿವಿಲ್ ವಿಭಾಗದ ವಿದ್ಯಾರ್ಥಿಗಳಿಂದ ಆ ಗಲ್ಲಿಗಳ ಸಮೀಕ್ಷೆ ಮಾಡಿಸಬಹುದು. ವಾಸಕ್ಕೆ ಯೋಗ್ಯವಲ್ಲದ ಮನೆಯವರಿಗೆ ಮಳೆಗಾಲದ ಮಟ್ಟಿಗಾದರೂ ಬೇರೆ ನೆಲೆ ಒದಗಿಸಬೇಕು. ಘೋಷಣೆಯ ವ್ಯವಸ್ಥೆ ಮುಂದಿನ ಏಪ್ರಿಲ್‌ನಿಂದ ಜಾರಿಯಾದರೂ ಸರಿ, ಈ ಸಮೀಕ್ಷೆ ಮಾತ್ರ ಬರುವ ಮಳೆಗಾಲಕ್ಕೆ ಮುಂಚೆ ಮುಗಿಯಬೇಕು. ಪಾಲಿಕೆಯ ಮುಂದಿನ ಸಾಮಾನ್ಯ ಸಭೆಯಲ್ಲೇ ಈ ಎರಡು ವಿಷಯಗಳನ್ನು ಚರ್ಚೆಗೆ ಇಡಿ ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶಹಾಪುರದ ಒಬ್ಬ ಕಟ್ಟಡ ಮಾಲೀಕಳು