ಒಂದೇ ಬದಿಯ ಸಾಣೆ

ಸಂಪಾದಕರೇ,

ಮಾಟುಂಗಾದ ನಮ್ಮ ಬೀದಿಗೆ ಬರುವ ಸಾಣೆಯವರು ಒಳ್ಳೆಯ ಕೆಲಸಗಾರರು. ಆದರೆ ಹೋದ ತಿಂಗಳು ನನ್ನ ಮೀನಿನ ಚೂರಿಯನ್ನು ಎರಡೂ ಕಡೆ ಸಮವಾಗಿ ಉಜ್ಜಿಬಿಟ್ಟರು. ತುಂಬ ಬೇಜಾರಾಯಿತು. ಅದು ಜಪಾನಿನ ದೇಬಾ. ಬಡಗಿಯ ಉಳಿ ನೋಡಿದ್ದೀರಲ್ವಾ, ಹಾಗೆಯೇ ಒಂದು ಬದಿ ಇಳಿಜಾರು, ಇನ್ನೊಂದು ಚಪ್ಪಟೆ, ಆ ಚಪ್ಪಟೆ ಬದಿಯ ನಡುವೆ ತುಸು ತಗ್ಗು, ಅದಕ್ಕೇ ಬಂಗಡೆಯ ಮುಳ್ಳಿಗೆ ಒತ್ತಿಕೊಂಡೇ ಚೂರಿ ಜಾರುತ್ತದೆ, ಮಾಂಸ ಜಾಸ್ತಿ ಹಾಳಾಗುವುದಿಲ್ಲ. ಕತ್ತರಿಸಲು ಹಿಡಿದಾಗ ಇಳಿಜಾರು ಬಲಕ್ಕಿದ್ದರೆ ಅದು ಬಲಗೈಯವರ ಚೂರಿ. ಎಡಗೈಯವರು ಹಿಡಿದರೆ ಓರೆಯಾಗಿ ಹೋಗುತ್ತದೆ. ಕೆಲವು ಚೂರಿಗಳಿಗೆ ಎರಡೂ ಬದಿ ಸಾಣೆ ಇದ್ದರೂ ಸಮ ಇರುವುದಿಲ್ಲ, ಒಂದು ಬದಿಗೆ 70 ಪಾಲು, ಇನ್ನೊಂದಕ್ಕೆ 30ರ ಲೆಕ್ಕ. ದೇಬಾದಲ್ಲಿ ಇಳಿಜಾರನ್ನೇ ಉಜ್ಜಬೇಕು, ಚಪ್ಪಟೆ ಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಉಜ್ಜಿದಾಗ ಅಂಚಿನಲ್ಲಿ ಏಳುವ ಸಿಬಿರು ತೆಗೆದರೆ ಸಾಕು. ಸಾಣೆಗೆ ಕೊಡುವಾಗ ನಾವೇ ಬದಿ ತೋರಿಸಿ ಹೇಳಬೇಕು. ನಾನು ಹೇಳಿರಲಿಲ್ಲ. ದಯವಿಟ್ಟು ನಿಮ್ಮ ಅಡುಗೆ ಪುಟದಲ್ಲಿ ಇದನ್ನು ಚಿತ್ರದ ಜೊತೆ ಹಾಕಿ.

— ಓದುಗ, ಮಾಟುಂಗಾ, ಮುಂಬೈ